ಮೊದಲು ಯಾವ ಕೈ ಎಳೆಯಿತು?

(ದಂಡೋತಿಯಲ್ಲಿ ವಿದ್ಯಾರ್ಥಿಗಳು ಮತ್ತು ಹಾಸ್ಟೆಲ್ ಗೆಳೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ)



ನಮ್ಮನ್ನು ಕರೆದವರು ಕವಿತೆ ಓದಿ ಅಂದಿದ್ದರು. ಬರೆದುಕೊಂಡೇ ಬಂದಿದ್ದೆವು. ಆದರೆ ಇವತ್ತು ಓದುವುದಿಲ್ಲ. ಇವತ್ತು ಒಂದು ಕೂಸಿನ ಸಂಗತಿ ಹೇಳುತ್ತೇವೆ. ಇದರೊಳಗೆ ನಮ್ಮ ತಪ್ಪೂ ಇದೆ. ಅದಕ್ಕೇ ಹೇಳಬೇಕಾಗಿದೆ.

ನಾವು ಅಂದರೆ ಕೇರಿಯಲ್ಲಿ ಓದಿದವರು ಅನ್ನಿಸಿಕೊಂಡ ನಾಲ್ಕು ಮಂದಿ. ಬಿ.ಎ. ಮುಗಿಸಿ ಅರ್ಜಿ ಹಾಕುತ್ತಾ ಕೂತವರು. ಕಟ್ಟೆಯ ಮೇಲೆ ಕೂತು ಕ್ರಾಂತಿಯ ಮಾತಾಡುತ್ತಿದ್ದೆವು. ಅದೇ ಕಟ್ಟೆಯಿಂದ ಹತ್ತು ಮಾರು ದೂರದ ಗುಡಿಸಲಲ್ಲಿ ಒಂದು ಕೂಸು ದಿನಾ ಒದ್ದಾಡುತ್ತಿತ್ತು. ಒಂದು ವರ್ಷ ನಮ್ಮ ಕಣ್ಣಿಗೆ ಬೀಳಲಿಲ್ಲ.

ದಂಡೋತಿ ಹತ್ತಿರದ ಒಂದು ಊರು. ಊರ ಹೆಸರು ಬೇಡ, ಕೂಸಿನ ಹೆಸರೂ ಬೇಡ. ನಾಕನೇ ಕ್ಲಾಸಿನ ಹುಡುಗಿ. ಅಪ್ಪ ಶಹಾಬಾದಿ ಹಾಸುಗಲ್ಲಿನ ಖಣಿಯಲ್ಲಿ ಕೂಲಿ, ಅವ್ವ ತೊಗರಿ ಹೊಲದಲ್ಲಿ ಕೂಲಿ. ಈ ಹುಡುಗಿಗೆ ಊಟಕ್ಕೆ ಕೂತಾಗ ಬಲಗೈ ಹೆಬ್ಬೆಟ್ಟು ಅದರುತ್ತಿತ್ತು. ಕೈಯಲ್ಲಿದ್ದ ರೊಟ್ಟಿ ತುಂಡು ಬೀಳುತ್ತಿತ್ತು. ಬಾಯಿ ಬಲಕ್ಕೆ ಎಳೆಯುತ್ತಿತ್ತು. ಒಂದು ನಿಮಿಷ, ಬಹಳ ಅಂದರೆ ಎರಡು. ಆಮೇಲೆ ಏನೂ ಆಗದವಳಂತೆ ಉಣ್ಣುತ್ತಿದ್ದಳು. ಸಾಲಿಯಲ್ಲಿ ಪೆನ್ನು ಬೀಳುತ್ತಿತ್ತು. ಮಾಸ್ತರರು ಬರೆಯೋ ಮನಸ್ಸಿಲ್ಲ ಅಂತ ಅದೇ ಕೈಗೆ ಹೊಡೆದರು.

ಒಂದು ದಿನ ಬೋರಿನ ಹತ್ತಿರ ಕೊಡ ಹಿಡಿದು ನಿಂತಾಕಿ ಬಿದ್ದಳು. ಮೈಯೆಲ್ಲ ಸೆಟೆದು ಕೈಕಾಲು ಜಾಡಿಸಿದವು. ಬಾಯಲ್ಲಿ ನೊರೆ. ಚಡ್ಡಿ ಒದ್ದೆ. ಸುತ್ತ ನಿಂತಿದ್ದ ಮಂದಿ ಹಿಂದೆ ಸರಿದರು. "ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ, ಹತ್ತತದ" ಅಂದರು. ಒಬ್ಬರು ಚಪ್ಪಲಿ ತಂದು ಮೂಗಿಗೆ ಹಿಡಿದರು. ಒಬ್ಬರು ಉಳ್ಳಾಗಡ್ಡಿ ಜಜ್ಜಿ ತಂದರು. ಒಬ್ಬರು ಕೈಯಲ್ಲಿ ಕೀಲಿಕೈ ಇಟ್ಟರು.

ಗೆಳೆಯರೆ, ಮುಟ್ಟಬ್ಯಾಡ್ರಿ ಅಂದವರು ಯಾರು? ಮೇಲಿನ ಓಣಿಯವರಲ್ಲ. ನಮ್ಮವರೇ. ಮುಟ್ಟಬೇಡ ಅನ್ನುವ ಮಾತು ಎಷ್ಟು ಸುಡುತ್ತದೆ ಅಂತ ಹೊಟ್ಟೆಯಿಂದ ಬಲ್ಲವರು. ನಮ್ಮನ್ನು ಸುಟ್ಟ ಮಾತನ್ನು ತಂದು ನಮ್ಮ ಕೂಸಿನ ಮೇಲೆ ಹಾಕಿದೆವು. ಮೂರ್ಛೆರೋಗ ಮುಟ್ಟಿದರೆ ಹತ್ತುವುದಿಲ್ಲ. ನೊರೆಯಿಂದಲೂ ಹತ್ತುವುದಿಲ್ಲ. ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ.

ಆಮೇಲೆ ಗಾಳಿ ಬಡದದ ಅಂದರು. ಬೂದಿ ಹಚ್ಚಿದರು, ಅಂತ್ರ ಕಟ್ಟಿಸಿದರು. ಹಣೆಗೆ ಬರೆ ಹಾಕಿಸಿದರು. ಆ ಕಲೆ ಇನ್ನೂ ಇದೆ, ರೋಗ ಹೋದರೂ ಅದು ಹೋಗುವುದಿಲ್ಲ. ಅವ್ವ ಅಪ್ಪನನ್ನು ನಾವು ಬಯ್ಯುವುದಿಲ್ಲ. ಬರೆ ಹಾಕುವವನು ಊರಲ್ಲೇ ಇದ್ದ, ಕರೆದ ತಕ್ಷಣ ಬಂದ, ಅವರ ಮಾತು ಕೂತು ಕೇಳಿದ. ದವಾಖಾನೆ ದೂರ ಇತ್ತು. ಕಾಗಿಣಾ ಹೊಳೆ ತುಂಬಿ ಬಂದರೆ ದಂಡೋತಿ ಸೇತುವೆ ಮುಳುಗುತ್ತದೆ, ಚಿತ್ತಾಪುರ–ಕಲಬುರಗಿ ದಾರಿ ಬಂದ್ ಆಗುತ್ತದೆ. ನಿಮಗೆ ನಾವೇನು ಹೇಳುವುದು, ನೀವೇ ನೋಡುತ್ತೀರಿ. ಹೊಳೆ ಇಳಿದ ಮೇಲೆ ಒಂದು ದಿನದ ಕೂಲಿ ಬಿಟ್ಟು ಅವರು ಹೋದರು. ಯಾವ ದವಾಖಾನೆ ಅನ್ನುವುದು ಬೇಡ. ನೂರು ಮಂದಿಯ ಪಾಳಿ. ಒಳಗೆ ಹೋದಾಗ ಕೇಳಿದ ಪ್ರಶ್ನೆ ಒಂದೇ: "ಏನಾಗ್ಯಾದ?" ಅವ್ವ ಹೇಳಿದ್ದೂ ಒಂದೇ ಮಾತು: "ಫಿಟ್ಸ್ ಬರ್ತಾವ್ರಿ." ಆಯಿತು. ನಿಶ್ಶಕ್ತಿ ಅಂದರು. ಒಂದು ಸೂಜಿ, ಟಾನಿಕ್ಕಿನ ಚೀಟಿ. ಹೊರಗೆ ಬಂದರು. ಹೀಗೆ ಮೂರು ಸಲ. ವರ್ಷ ಹೋಯಿತು, ಸಾಲಿಯೂ ಬಿಟ್ಟಿತು.

ಇಲ್ಲಿ ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ಕೊಟ್ಟ ಒಂದು ಸಂಗತಿ ನೆನಪಾಗುತ್ತದೆ. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮಾಸ್ತರರ ಪತ್ರ ಅದು, 1929ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಗಿತ್ತು. ಮಾಸ್ತರರ ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಬರುವುದಿಲ್ಲ ಅಂದ. ಬಾಣಂತಿಯನ್ನೇ ಕೇರಿಯಿಂದ ಹೊರಗೆ ತಂದರು. ಡಾಕ್ಟರು ಜ್ವರದ ಕಡ್ಡಿಯನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನಿಗೆ ಕೊಟ್ಟ, ಗಂಡ ಹೆಂಡತಿಗೆ ಇಟ್ಟ. ಅದೇ ದಾರಿಯಲ್ಲಿ ಕಡ್ಡಿ ವಾಪಸು ಹೋಯಿತು. ಡಾಕ್ಟರು ಮುಟ್ಟದೆ ರೋಗ ಹೇಳಿದ. ಮತ್ತೆ ಬಂದು ನೋಡಲಿಲ್ಲ. ಆಕೆ ತೀರಿಕೊಂಡಳು.

ಇವತ್ತು ಕಡ್ಡಿ ಹಾಗೆ ಕೈ ಬದಲಾಯಿಸುವುದಿಲ್ಲ ಅನ್ನಬಹುದು. ಸರಿ. ಆದರೆ ನಮ್ಮ ಅವ್ವನ ಮಾತು ಇವತ್ತೂ ಡಾಕ್ಟರ ಮೇಜಿನ ತನಕ ಮುಟ್ಟುವುದಿಲ್ಲ. ಆಕೆ ಬಾಗಿಲ ಹತ್ತಿರವೇ ಸೆರಗು ಹಿಡಿದು ನಿಲ್ಲುತ್ತಾಳೆ. ಸ್ಟೂಲಿನ ಮೇಲೆ ಕೂರಲು ಅಂಜುತ್ತಾಳೆ. ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಎದ್ದು ಬರುವುದನ್ನು ಆಕೆಗೆ ಸಾವಿರ ವರ್ಷ ಕಲಿಸಿದ್ದಾರೆ.

ಇದರಿಂದ ಏನು ಹಾಳಾಗುತ್ತದೆ ಅನ್ನುವುದೇ ಇವತ್ತಿನ ಮುಖ್ಯ ಮಾತು. ಬೇರೆ ಎಷ್ಟೋ ರೋಗವನ್ನು ಡಾಕ್ಟರು ಕಣ್ಣಾರೆ ನೋಡುತ್ತಾರೆ. ಹುಣ್ಣು ಕಾಣುತ್ತದೆ, ಜ್ವರ ಕಡ್ಡಿಗೆ ಸಿಗುತ್ತದೆ, ರಕ್ತದಲ್ಲಿ ಮಲೇರಿಯಾ ಸಿಗುತ್ತದೆ. ಮೂರ್ಛೆ ಹಾಗಲ್ಲ. ಡಾಕ್ಟರ ಮುಂದೆ ಕೂತಾಗ ಕೂಸು ನೆಟ್ಟಗೆ ಇರುತ್ತದೆ. ಬಿದ್ದ ಕೂಸಿಗೆ ತಾನು ಬಿದ್ದದ್ದು ಗೊತ್ತಿರುವುದಿಲ್ಲ. ಕಂಡದ್ದು ಯಾರು? ಅವ್ವ, ಅಕ್ಕ, ಪಕ್ಕದ ಬೆಂಚಿನ ಗೆಳತಿ. ಇವರ ಬಾಯಿಮಾತೇ ದೊಡ್ಡ ತಪಾಸಣೆ. ಮಷಿನು ಆಮೇಲೆ.

ಜರ್ಮನಿಯ ಹಾನ್ಸ್ ಬರ್ಗರ್ ಎಂಬ ಡಾಕ್ಟರು 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ತನ್ನು ಮೊದಲು ಕಾಗದದ ಮೇಲೆ ಗೆರೆ ಮಾಡಿ ತೋರಿಸಿದರು. ಅದೇ ಇಇಜಿ. ತಲೆಗೆ ತಂತಿ ಹಚ್ಚುತ್ತಾರೆ, ಶಾಕು ಕೊಡುವುದಿಲ್ಲ, ನೋವಿಲ್ಲ. ಒಳ್ಳೆಯ ಮಷಿನು. ಆದರೆ ಎಷ್ಟೋ ಮೂರ್ಛೆರೋಗದ ಮಕ್ಕಳಿಗೆ ಒಂದು ಸಲದ ಇಇಜಿಯಲ್ಲಿ ಏನೂ ಕಾಣುವುದಿಲ್ಲ. ಇಇಜಿ ನಾರ್ಮಲ್ ಬಂತು ಅಂದರೆ ರೋಗ ಇಲ್ಲ ಅಂತ ಅರ್ಥ ಅಲ್ಲ.

ಕೂಸು ಎರಡನೇ ಸಲ ಬೋರಿನ ಹತ್ತಿರ ಬಿದ್ದ ದಿನ ನಮ್ಮಲ್ಲಿ ಒಬ್ಬ ಅಲ್ಲಿದ್ದ. ಅವನೂ ಅಂಜಿದ. ಅಂಜಿಕೊಂಡೇ ಮೊಬೈಲಿನಲ್ಲಿ ಚಿತ್ರ ಹಿಡಿದ. ಆ ರಾತ್ರಿ ನಾವು ಮೊದಲ ಸಲ ಆ ಗುಡಿಸಲೊಳಗೆ ಹೋಗಿ ಕೂತೆವು. ಅವ್ವ ಹೇಳುತ್ತಾ ಹೋದಳು, ನಾವು ಬರೆಯುತ್ತಾ ಹೋದೆವು. ಎರಡು ಹಾಳೆ ತುಂಬಿತು. ಕಲಬುರಗಿಯಲ್ಲಿ ಮೆದುಳು–ನರದ ಡಾಕ್ಟರೊಬ್ಬರ ಹತ್ತಿರ ಅವರ ಜೊತೆ ನಾವೂ ಹೋದೆವು. ಆ ಡಾಕ್ಟರು ಹಾಳೆ ಓದಿದರು, ಚಿತ್ರ ನೋಡಿದರು. ಆಮೇಲೆ ನಮ್ಮನ್ನು ಬಿಟ್ಟು ಅವ್ವನನ್ನೇ ಕೇಳಿದರು: "ಯವ್ವಾ, ಮೊದಲ ಯಾವ ಕೈ ಎಳೀತದ?"

ಅವ್ವ ತಡವರಿಸಲಿಲ್ಲ. "ಬಲಗೈರಿ. ಹೆಬ್ಬೆಟ್ಟಿಂದ ಸುರು ಆಗ್ತದ. ಆಮ್ಯಾಲ ಬಾಯಿ. ಒಮ್ಮೊಮ್ಮಿ ಅಲ್ಲಿಗೇ ನಿಲ್ಲತದ, ಒಮ್ಮೊಮ್ಮಿ ಮೈಯೆಲ್ಲಾ ಹಬ್ಬತದ."

"ಇಷ್ಟು ದಿನ ಯಾಕ ಹೇಳಿಲ್ಲ?"

"ಯಾರೂ ಕೇಳಿಲ್ರಿ."

ಯಾರೂ ಕೇಳಿಲ್ಲ. ನಾವೂ ಕೇಳಿರಲಿಲ್ಲ. ಅಕ್ಷರ ಇಲ್ಲದ ಆ ತಾಯಿಯ ಹತ್ತಿರ ಒಂದು ವರ್ಷದಿಂದ ಉತ್ತರ ಇತ್ತು.

ಬಲಗೈಯಿಂದ ಶುರುವಾದರೆ ಮೆದುಳಿನ ಎಡಭಾಗದಲ್ಲಿ ಏನೋ ಇದೆ ಅಂತ ಸುಳಿವು. ಬರೀ ಫಿಟ್ಸ್ ಅಂದರೆ ಈ ಸುಳಿವು ಸಿಗುವುದಿಲ್ಲ. ಇಇಜಿ ಮಾಡಿದರು, ಏನೂ ಕಾಣಲಿಲ್ಲ. ನಮಗೆ ಎದೆ ಧಸಕ್ ಅಂತು. ಡಾಕ್ಟರು ಅಂದರು, "ಮಷಿನ್ ಅರ್ಧ ತಾಸಿಂದು ಹೇಳ್ತದ. ಈ ತಾಯಿ ಒಂದು ವರ್ಷದ್ದು ಹೇಳ್ಯಾಳ." ಸ್ಕ್ಯಾನ್ ಮಾಡಿಸಿದರು. ಎಡಭಾಗದಲ್ಲಿ ಒಂದು ಸಣ್ಣ ಗುಳ್ಳೆ. ಲಾಡಿಹುಳದ ಮರಿ ಮೆದುಳಿಗೆ ಹೋಗಿ ಕೂತು ಕಟ್ಟಿಕೊಂಡ ಗುಳ್ಳೆ. ನಮ್ಮ ದೇಶದ ಮಕ್ಕಳಲ್ಲಿ ಇಂಥ ಮೂರ್ಛೆಗೆ ಇದು ಅಪರೂಪದ ಕಾರಣ ಅಲ್ಲ. ಔಷಧಿ ಇದೆ.

ಹೊರಗೆ ಪಾಳಿಯಲ್ಲಿ ಕೂತ ಒಬ್ಬ ದೊಡ್ಡ ಮನುಷ್ಯ ಇದನ್ನು ಕೇಳಿಸಿಕೊಂಡು, "ನಿಮ್ ಮಂದಿ ಹಂದಿ ತಿಂತೀರಲ್ಲ, ಅದಕ್ಕ ಬಂದದ" ಅಂದ. ಅವ್ವ ತಲೆ ತಗ್ಗಿಸಿದಳು. ನಮಗೂ ಆ ಹೊತ್ತಿಗೆ ಬಾಯಿ ಬರಲಿಲ್ಲ. ಈಗ ಹೇಳುತ್ತೇವೆ, ನೀವೂ ಕಲಿತುಕೊಳ್ಳಿ, ಎಲ್ಲಿ ಬೇಕಾದರೂ ಹೇಳಿ.

ಸರಿಯಾಗಿ ಬೇಯದ ಹಂದಿಮಾಂಸದಿಂದ ಬರುವುದು ಹೊಟ್ಟೆಯೊಳಗಿನ ಲಾಡಿಹುಳ. ಮೆದುಳಿನ ಗುಳ್ಳೆ ಬರುವುದು ಆ ಹುಳದ ಮೊಟ್ಟೆಯಿಂದ. ಆ ಮೊಟ್ಟೆ ಇರುವುದು ಮನುಷ್ಯನ ಹೇಲಿನಲ್ಲಿ. ಹುಳ ಇದ್ದವನು ಬಯಲಿಗೆ ಹೋದರೆ, ಕೈ ತೊಳೆಯದೆ ಅಡಿಗೆ ಮಾಡಿದರೆ, ಮೊಟ್ಟೆ ನೀರಿಗೆ, ಕಾಯಿಪಲ್ಯಕ್ಕೆ, ಊಟಕ್ಕೆ ಬರುತ್ತದೆ. ಹಸಿ ಸೊಪ್ಪು ತಿಂದವನ ಹೊಟ್ಟೆಗೂ ಹೋಗುತ್ತದೆ. ಹಂದಿಯ ಹೆಸರು ಎತ್ತದ ಶಾಖಾಹಾರಿಗಳ ಮೆದುಳಿನಲ್ಲೂ ಈ ಗುಳ್ಳೆ ಇದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಹಂದಿ ಮುಟ್ಟದ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲಿ ಇದೇ ರೋಗ ಸಿಕ್ಕಿದ್ದನ್ನು ಡಾಕ್ಟರುಗಳು 1992ರಲ್ಲಿ ಬರೆದು ಪ್ರಕಟಿಸಿದ್ದಾರೆ. ಹುಳಕ್ಕೆ ಜಾತಿ ಗೊತ್ತಿಲ್ಲ. ಆದರೆ ಪಾಯಖಾನೆ ಇಲ್ಲದ ಕೇರಿ, ಗಟಾರದ ಪಕ್ಕದ ನೀರಿನ ಪೈಪು, ಸಾಬೂನು ಇಲ್ಲದ ಹಾಸ್ಟೆಲ್ಲು, ಇವನ್ನು ಮಾಡಿದವರಿಗೆ ಜಾತಿ ಚೆನ್ನಾಗಿ ಗೊತ್ತಿದೆ. ಅವಮಾನ ಪಡಬೇಕಾದವರು ನಾವಲ್ಲ.

ಇನ್ನೊಂದು ಮಾತು. ಮೂರ್ಛೆಗೆಲ್ಲ ಹುಳವೇ ಕಾರಣ ಅಂತ ತಿಳಿಯಬೇಡಿ. ಹೆರಿಗೆಯಲ್ಲಿ ಕೂಸಿಗೆ ಉಸಿರು ಕಟ್ಟಿದ್ದರೆ ಬರಬಹುದು, ಮೆದುಳುಜ್ವರದಿಂದ, ತಲೆಗೆ ಬಿದ್ದ ಪೆಟ್ಟಿನಿಂದ ಬರಬಹುದು. ವಂಶದಲ್ಲಿ ಬರಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಆರು ತಿಂಗಳಿಂದ ಐದು ವರ್ಷದ ಕೂಸಿಗೆ ಬರೀ ಜ್ವರಕ್ಕೆ ಫಿಟ್ಸ್ ಬರುವುದುಂಟು, ಅವುಗಳಲ್ಲಿ ಬಹಳ ಮಕ್ಕಳಿಗೆ ಮುಂದೆ ಮೂರ್ಛೆರೋಗ ಇರುವುದಿಲ್ಲ. ಕೆಲವು ಮಕ್ಕಳು ಬೀಳುವುದೇ ಇಲ್ಲ. ಹತ್ತು ಹದಿನೈದು ಸೆಕೆಂಡು ಸುಮ್ಮನೆ ದಿಟ್ಟಿಸಿ ನಿಲ್ಲುತ್ತಾರೆ, ಕರೆದರೆ ಕೇಳುವುದಿಲ್ಲ, ಮತ್ತೆ ಮಾತಾಡುತ್ತಾರೆ. ದಿನಕ್ಕೆ ಹತ್ತಾರು ಸಲ. ಸಾಲಿಯಲ್ಲಿ ಅವರಿಗೆ ದಡ್ಡ ಅಂತ ಹೆಸರು. ಅದೂ ಮೂರ್ಛೆಯೇ. ಇನ್ನು ಬಿಸಿಲಲ್ಲಿ ಹಸಿದು ನಿಂತು ಕಣ್ಣು ಕತ್ತಲೆ ಬಂದು, ಬೆವೆತು ಬಿಳುಚಿ ಬಿದ್ದು, ಮಲಗಿಸಿದ ಕೂಡಲೇ ಎಚ್ಚರಾಗುವುದು ಬಹಳ ಮಟ್ಟಿಗೆ ಬೇರೆ. ಯಾವುದು ಯಾವುದು ಅಂತ ಬೇರ್ಪಡಿಸುವುದು ನೋಡಿದವರ ಮಾತಿನಿಂದಲೇ.

ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ತಲೆಗೆ ಸುಡುವ ನೀರು ಹಾಕಿಕೊಂಡಾಗ ಮಾತ್ರ ಕೆಲವರಿಗೆ ಮೂರ್ಛೆ ಬರುತ್ತದೆ. ಬಿಸಿನೀರಿನ ಮೂರ್ಛೆ ಅಂತಲೇ ಅದಕ್ಕೆ ಹೆಸರು. ಜಗತ್ತಿನ ಬೇರೆ ಕಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಬಹಳ. ಬೆಂಗಳೂರಿನ ಡಾಕ್ಟರುಗಳು ಇದನ್ನು ಜಗತ್ತಿಗೆ ತಿಳಿಸಿದರು. ಅದನ್ನು ಯಾವ ಮಷಿನು ಹಿಡಿಯಿತು? "ತಲಿ ಮ್ಯಾಲ ನೀರ ಹಾಕಿದಾಗಷ್ಟೇ ಬರ್ತದ" ಅಂತ ಮನೆಯವರು ಹೇಳಿದ ಮಾತು ಹಿಡಿಯಿತು. ಅಂಥವರಲ್ಲಿ ಎಷ್ಟೋ ಮಂದಿಗೆ ನೀರಿನ ಬಿಸಿ ಕಡಿಮೆ ಮಾಡುವುದೇ ಮೊದಲ ಔಷಧಿ.

ಇದು ಎಷ್ಟು ಮಂದಿಯ ರೋಗ? ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಆಯಿತು. ಅಲ್ಲಿನವರು ಬೆಂಗಳೂರು ಪಟ್ಟಣದಲ್ಲೂ ಸುತ್ತಿನ ಹಳ್ಳಿಗಳಲ್ಲೂ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಎಣಿಸಿ 2004ರಲ್ಲಿ ಲೆಕ್ಕ ಪ್ರಕಟಿಸಿದರು. ಮೂರ್ಛೆರೋಗ ಪಟ್ಟಣದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ ಸಾವಿರಕ್ಕೆ 11.9. ಎರಡು ಪಟ್ಟು. ರೋಗ ಹೆಚ್ಚು ಹಳ್ಳಿಯಲ್ಲಿ, ನರದ ಡಾಕ್ಟರು ಪಟ್ಟಣದಲ್ಲಿ. ನಮಗೂ ನಿಮ್ಹಾನ್ಸಿಗೂ ನಡುವೆ ಸುಮಾರು 600 ಕಿಲೋಮೀಟರು. 2022ರಲ್ಲಿ ರಾಜ್ಯ ಸರಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ತೆಗೆಯಿತು. ಅದರ ಕ್ಲಿನಿಕ್ಕು ಮೊದಲು ಶುರುವಾದದ್ದೂ ಬೆಂಗಳೂರಿನ ಆಸುಪಾಸಿನಲ್ಲೇ. ಜಿಲ್ಲಾ ಆಸ್ಪತ್ರೆಗೆ ಹೋದಾಗ ಅದು ಎಲ್ಲಿದೆ, ಯಾವ ವಾರ ಅಂತ ಗಟ್ಟಿಯಾಗಿ ಕೇಳಿ. ಕೇಳುವುದು ಭಿಕ್ಷೆ ಅಲ್ಲ.

ಔಷಧಿಯೂ ಬಂಗಾರದ್ದಲ್ಲ. ಫಿನೋಬಾರ್ಬಿಟೋನ್ ಎಂಬ ಗುಳಗಿ 1912ರಿಂದ ಇದೆ. ಯಳಂದೂರು ತಾಲೂಕಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಈ ಗುಳಗಿಯನ್ನೂ ಫೆನಿಟೋಯಿನ್ ಎಂಬ ಇನ್ನೊಂದು ಹಳೆಯ ಗುಳಗಿಯನ್ನೂ ಕೊಟ್ಟು ವರ್ಷಗಟ್ಟಲೆ ನೋಡಿದರು. ಅಗ್ಗದ ಗುಳಗಿಯಿಂದಲೇ ಅರ್ಧಕ್ಕಿಂತ ಹೆಚ್ಚು ಮಂದಿಯ ಮೂರ್ಛೆ ಹಿಡಿತಕ್ಕೆ ಬಂದದ್ದನ್ನು 2001ರಲ್ಲಿ ಪ್ರಕಟಿಸಿದರು. ಸರಿಯಾಗಿ ಪತ್ತೆ ಮಾಡಿ ಔಷಧಿ ಕೊಟ್ಟರೆ ನೂರರಲ್ಲಿ ಎಪ್ಪತ್ತು ಮಂದಿ ಮೂರ್ಛೆ ಇಲ್ಲದೆ ಬಾಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ನಮ್ಮ ಕೂಸುಗಳು ಬೀಳುತ್ತಿರುವುದು ಔಷಧಿ ಇಲ್ಲದೆ ಅಲ್ಲ. ಪತ್ತೆ ಆಗದೆ.

ಅದಕ್ಕೆ ನಾವು ನೀವು ಮಾಡುವುದೇನು? ಬರೆದುಕೊಳ್ಳಿ.

ಯಾರಾದರೂ ಬಿದ್ದರೆ ಹತ್ತಿರ ಹೋಗಿ. ಮುಟ್ಟಿ. ಕಲ್ಲು, ಒಲೆ, ನೀರಿನಿಂದ ದೂರ ಮಾಡಿ. ತಲೆ ಕೆಳಗೆ ಟವಲು ಇಡಿ. ಒಂದು ಮಗ್ಗಲಿಗೆ ಹೊರಳಿಸಿ, ನೊರೆ ಹೊರಗೆ ಹೋಗಲಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಲ್ಲಿ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಚಪ್ಪಲಿ ಕಾಲಲ್ಲಿರಲಿ, ಉಳ್ಳಾಗಡ್ಡಿ ಪಲ್ಯಕ್ಕಿರಲಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಎಚ್ಚರಾಗುವ ಮೊದಲೇ ಮತ್ತೊಂದು ಬಂದರೆ, ಉಸಿರಾಟ ಸರಿ ಇಲ್ಲದಿದ್ದರೆ, ಮೊದಲ ಸಲದ್ದಾದರೆ ತಡ ಮಾಡದೆ 108ಕ್ಕೆ ಫೋನು ಮಾಡಿ, ದವಾಖಾನೆಗೆ ಒಯ್ಯಿರಿ.

ಆಮೇಲೆ ಅದೇ ದಿನ ಬರೆಯಿರಿ. ಯಾವ ಹೊತ್ತು? ನಿದ್ದೆಯಲ್ಲೋ ಎಚ್ಚರದಲ್ಲೋ? ಅದಕ್ಕೆ ಮೊದಲು ಏನು ಮಾಡುತ್ತಿತ್ತು? ಜ್ವರ ಇತ್ತೋ? ನಿದ್ದೆಗೆಟ್ಟಿತ್ತೋ? ಮೊದಲು ಎಲ್ಲಿಂದ ಶುರುವಾಯಿತು, ಯಾವ ಕೈ, ಬಾಯಿ ಯಾವ ಕಡೆ, ಕಣ್ಣು ಯಾವ ಕಡೆ? ಕರೆದರೆ ಓಗೊಟ್ಟಿತೋ? ಎಷ್ಟು ನಿಮಿಷ? ನಾಲಿಗೆ ಕಚ್ಚಿಕೊಂಡಿತೋ, ಒದ್ದೆ ಆಯಿತೋ? ಎದ್ದ ಮೇಲೆ ಎಷ್ಟು ಹೊತ್ತು ಮಂಕು, ಒಂದು ಕೈ ಸೋತಿತ್ತೋ? ಮೊಬೈಲಿದ್ದರೆ ಒಬ್ಬರು ಕೂಸನ್ನು ನೋಡಿಕೊಳ್ಳಿ, ಇನ್ನೊಬ್ಬರು ಚಿತ್ರ ಹಿಡಿಯಿರಿ. ಅದು ಡಾಕ್ಟರಿಗೆ ಮಾತ್ರ. ಊರಿಗೆಲ್ಲ ಕಳಿಸಿ ಆ ಕೂಸಿನ ಮಾನ ಕಳೆಯಬೇಡಿ.

ಗುಳಗಿ ಶುರುವಾದರೆ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಮೊದಲಿಗಿಂತ ಜೋರಾಗಿ ಬರಬಹುದು. ಸಾಮಾನ್ಯವಾಗಿ ಎರಡು ವರ್ಷ ಒಂದೂ ಬರದೆ ಇದ್ದ ಮೇಲೆ ಡಾಕ್ಟರೇ ನಿಧಾನ ಇಳಿಸುವ ಮಾತಾಡುತ್ತಾರೆ. ಹೊಳೆ ಬರುವ ತಿಂಗಳಿದ್ದರೆ ಗುಳಗಿ ಮೊದಲೇ ತಂದಿಡಿ.

ಹೆಣ್ಣುಮಕ್ಕಳ ವಿಚಾರ. ಈ ಹುಡುಗಿಯನ್ನು ದೊಡ್ಡ ದವಾಖಾನೆಗೆ ಒಯ್ಯಲು ಅಪ್ಪ ಹಿಂದೆಮುಂದೆ ನೋಡಿದ್ದು ರೊಕ್ಕಕ್ಕೆ ಮಾತ್ರ ಅಲ್ಲ. "ನಾಳಿ ಆಕಿನ್ನ ಯಾರ ಮಾಡ್ಕೋತಾರ?" ಅಂತ. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗ ಇದ್ದರೆ ಮದುವೆಗೆ ಯೋಗ್ಯರಲ್ಲ ಅನ್ನುವ ಮಾತು ಇತ್ತು. 1999ರಲ್ಲಿ ಅದನ್ನು ಕಿತ್ತುಹಾಕಿದರು. ಕಾಯಿದೆಯಿಂದ ಹೋದದ್ದು ನಮ್ಮ ಕಟ್ಟೆಯಿಂದ ಹೋಗಿಲ್ಲ.

ನಟರಾಜನ ಮೂರ್ತಿ ನೋಡಿದ್ದೀರಿ. ಕಾಲ ಕೆಳಗೆ ಒಬ್ಬ ಕುಳ್ಳ ಬಿದ್ದಿದ್ದಾನೆ. ಅವನ ಹೆಸರು ಅಪಸ್ಮಾರ. ವೈದ್ಯದ ಹಳೆಯ ಪುಸ್ತಕಗಳಲ್ಲಿ ಮೂರ್ಛೆರೋಗದ ಹೆಸರೂ ಅದೇ. ನೋಡುವವರೆಲ್ಲ ಮೇಲಿನ ಕುಣಿತ ನೋಡುತ್ತಾರೆ. ಕಾಲ ಕೆಳಗೆ ಬಿದ್ದವನ ಯಾವ ಕೈ ಎಳೆಯುತ್ತಿದೆ ಅಂತ ನೋಡುವ ಕೆಲಸ ನಮ್ಮದು. ನಮಗೆ ಅವನ ಗುರುತು ಇದೆ.

ಆ ಹುಡುಗಿ ಈಗ ಗುಳಗಿ ನುಂಗುತ್ತಿದ್ದಾಳೆ. ಪೂರ್ತಿ ವಾಸಿಯಾಯಿತು ಅಂತ ನಾವು ಹೇಳುವುದಿಲ್ಲ, ಡಾಕ್ಟರೂ ಹೇಳಿಲ್ಲ. ಆದರೆ ಸಾಲಿಗೆ ಹೋಗುತ್ತಿದ್ದಾಳೆ. ಒಂದು ವರ್ಷ ಹಿಂದೆ ಬಿದ್ದಿದ್ದಾಳೆ. ಆ ವರ್ಷದ ಬಾಕಿ ನಮ್ಮ ಮೇಲಿದೆ.

ಗೆಳೆಯರೆ, ರಜೆಗೆ ಊರಿಗೆ ಹೋಗುತ್ತೀರಿ. ಹೋದಾಗ ನಿಮ್ಮ ಕೇರಿಯಲ್ಲಿ ಬೀಳುವ ಕೂಸು ಯಾವುದು, ಸಾಲಿ ಬಿಟ್ಟ ಕೂಸು ಯಾವುದು ಕೇಳಿ. ಆ ಮನೆಗೆ ಹೋಗಿ ಕೂರಿ. ಅವ್ವ ಹೇಳಲಿ, ನೀವು ಬರೆಯಿರಿ. ದವಾಖಾನೆಗೆ ಜೊತೆಗೆ ಹೋಗಿ. ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, ನೀವು ಹಿಂದೆ ನಿಲ್ಲಿ. ಆಕೆಯ ಮಾತು ಮುಗಿಯುವ ತನಕ ಯಾರೂ ಎಬ್ಬಿಸದ ಹಾಗೆ ನೋಡಿಕೊಳ್ಳಿ. ನಾವು ಅಕ್ಷರ ಕಲಿತದ್ದು ಅರ್ಜಿ ಬರೆಯುವುದಕ್ಕೆ ಮಾತ್ರ ಅಲ್ಲ.

ಕವಿತೆ ಮುಂದಿನ ಸಲ ಓದುತ್ತೇವೆ.

ಜೈ ಭೀಮ್.